ಹೊಸ್ತಿಲ ಆಚೆ–ಈಚೆ: ವರ್ಷದ ಆಳಲ್ಲ, ಕಲಿಯಾಕ ಬಂದ ಕೂಸು



ಈ ಸಲದ ಟಪಾಲಿನಲ್ಲಿ ಎರಡು ಪತ್ರಗಳು ಜೋಡಿಯಾಗಿ ಓದಬೇಕಾದಂಥವು ಬಂದಿವೆ. ಒಂದು ದೊಡವಾಡದ ತಾಯಿಯೊಬ್ಬರದು.

“ಮಗಳು ಬಿ.ಕಾಂ. ಓದಾಕತ್ತಾಳ್ರೀ. ಕಡೀ ವರ್ಷ ಹುಬ್ಬಳ್ಳಿಯೊಳಗ ಒಂದು ಕಂಪನಿಯಾಗ ಇದ್ದು ಕೆಲಸಾ ಕಲೀಬೇಕಂತ. ಇವರು ‘ಓದಾಕ ಕಳಿಸೇವೋ, ದುಡ್ಯಾಕ ಕಳಿಸೇವೋ?’ ಅಂತಾರ. ನಮ್ಮತ್ತಿಯವರು ‘ಆ ವರ್ಷದಾಗ ಲಗ್ನಾ ಮಾಡಿ ಮುಗಿಸ್ರಿ’ ಅಂತಾರ. ನಡಬರಕ ನಾ ಏನ್ ಹೇಳ್ಲಿ?”

ಇನ್ನೊಂದು ಪತ್ರ ಬೈಲಹೊಂಗಲದ್ದು. “ನಮ್ಮ ಬಟ್ಟಿ ಅಂಗಡಿಯೊಳಗ ಆರು ಮಂದಿ ಕೆಲಸಕ್ಕಿದ್ದಾರ. ಕಾಲೇಜಿನವರು ಬಂದು ಒಬ್ಬ ಹುಡುಗಿನ್ನ ಒಂದು ವರ್ಷ ಇಟ್ಟುಕೊಂಡು ಕಲಸ್ರಿ ಅಂದ್ರು. ನಮ್ಮನಿಯವರು ‘ಪುಗಸಟ್ಟೆ ಒಂದು ಕೈ ಸಿಕ್ಕಾಂಗಾತು’ ಅಂತ ಹೂಂ ಅಂದಾರ. ನನಗ್ಯಾಕೋ ಈ ಮಾತು ಸರಿ ಅನಸಲಿಲ್ಲ.”

ಒಬ್ಬ ತಾಯಿ ಮಗಳನ್ನು ಹೊಸ್ತಿಲು ದಾಟಿಸಲು ಹೆದರುತ್ತಿದ್ದಾರೆ. ಇನ್ನೊಬ್ಬಾಕೆ ಬೇರೆಯವರ ಮಗಳನ್ನು ಹೊಸ್ತಿಲೊಳಗೆ ಕರೆದುಕೊಳ್ಳಬೇಕಾಗಿದೆ. ಅದಕ್ಕೇ ಉತ್ತರವನ್ನು ಒಟ್ಟಿಗೇ ಬರೆಯುತ್ತಿದ್ದೇನೆ.

ನಮ್ಮ ಸೀಮೆಯಲ್ಲಿ ‘ಒಂದು ವರ್ಷಕ್ಕೆ ಇಟ್ಟುಕೊಳ್ಳುವುದು’ ಎಂದ ಕೂಡಲೆ ನೆನಪಾಗುವುದು ಹೊಲದ ಆಳು. ಯುಗಾದಿಗೆ ಮಾತಾಗಿ ಮುಂದಿನ ಯುಗಾದಿಗೆ ಲೆಕ್ಕ ಮುಗಿಯುವ ಸಂಬಳ. ಹೇಳಿದ ಕೆಲಸ ಮಾಡಬೇಕು, ಮರುಪ್ರಶ್ನೆ ಇಲ್ಲ. ಕಾಲೇಜಿನಿಂದ ಬರುವ ಹುಡುಗಿಯನ್ನೂ ನಮ್ಮ ಗಂಡಸರು ಅದೇ ಕಣ್ಣಿನಿಂದ ನೋಡಿಬಿಡುತ್ತಾರೆ. ತಾಯಿಯ ಹೆದರಿಕೆಗೂ ಅಂಗಡಿಯವರ ಖುಷಿಗೂ ಬೇರು ಇದೊಂದೇ.

ಆದರೆ ಕಾಯ್ದೆ ಹೀಗೆ ಹೇಳುವುದಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆ ಇಂಥವರನ್ನು ‘ಕಲಿಯುವವರು’ ಎಂದೇ ಕರೆಯುತ್ತದೆ, ಕೆಲಸಗಾರರು ಎಂದಲ್ಲ. ಮೊದಲು ಇದು ಕಾರ್ಖಾನೆಯ ಕಸಬು ಕಲಿಯುವ ಹುಡುಗರಿಗೆ ಮಾತ್ರ ಇತ್ತು. 1973ರಲ್ಲಿ ಎಂಜಿನಿಯರಿಂಗ್ ಓದಿದವರು ಸೇರಿದರು. 2014ರ ತಿದ್ದುಪಡಿಯಾದ ಮೇಲೆ ಬಿ.ಕಾಂ., ಬಿ.ಬಿ.ಎ., ಬಿ.ಎ. ಓದಿದವರಿಗೂ ಬಾಗಿಲು ತೆರೆಯಿತು. 2020ರಲ್ಲಿ ಯು.ಜಿ.ಸಿ.ಯು ಪದವಿಯ ಒಳಗೇ ಈ ತರಬೇತಿಯನ್ನು ಸೇರಿಸಬಹುದೆಂದು ಕಾಲೇಜುಗಳಿಗೆ ದಾರಿ ತೋರಿಸಿತು. 2024–25ರಲ್ಲಿ ನಮ್ಮ ರಾಜ್ಯದ ಕೆಲವು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲೂ ಅಂಥ ಕೋರ್ಸು ಶುರುವಾಯಿತು.

ಹೊರದೇಶದಲ್ಲಿ ಇದು ಹಳೆಯ ಪದ್ಧತಿ. ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ 1906ರಲ್ಲೇ ಕೆಲವು ದಿನ ತರಗತಿ, ಕೆಲವು ದಿನ ಕೆಲಸ ಎಂಬ ಏರ್ಪಾಡು ಆರಂಭವಾಗಿತ್ತು. ಇಂಗ್ಲೆಂಡಿನಲ್ಲಿ ಬಿಸಿನೆಸ್ ಓದುವ ಎಷ್ಟೋ ಹುಡುಗರು ಎರಡು ವರ್ಷ ಕಾಲೇಜು, ಒಂದು ವರ್ಷ ಕಂಪನಿ, ಮತ್ತೆ ಒಂದು ವರ್ಷ ಕಾಲೇಜು ಎಂದು ಓದುತ್ತಾರೆ. ಅದನ್ನು ಅವರು ‘ಸ್ಯಾಂಡ್‌ವಿಚ್ ಕೋರ್ಸು’ ಎನ್ನುತ್ತಾರೆ. ನಾವು ಹೋಳಿಗೆ ಎನ್ನೋಣ. ಕಣಕ ಕಾಲೇಜು, ಹೂರಣ ಆ ಒಂದು ವರ್ಷ. ಅಷ್ಟು ದೂರವೇಕೆ? ನಮ್ಮ ಹುಬ್ಬಳ್ಳಿ, ಬೆಳಗಾವಿಯ ಸಿ.ಎ.ಗಳ ಆಫೀಸಿನಲ್ಲಿ ‘ಆರ್ಟಿಕಲ್‌ಶಿಪ್’ ಮಾಡುವ ಮಕ್ಕಳಿಲ್ಲವೇ? ಅದು ಮೊದಲು ಮೂರು ವರ್ಷವಿತ್ತು, 2023ರ ಜುಲೈನಿಂದ ಎರಡು ವರ್ಷವಾಗಿದೆ.

ಒಂದು ವರ್ಷವೇ ಏಕೆ?

“ತಿಂಗಳು ಇದ್ದರ ಸಾಲದೇನು?” ಎಂದು ಕೇಳುವವರಿದ್ದಾರೆ. ಬೈಲಹೊಂಗಲದ ಪೇಟೆಯನ್ನೇ ನೋಡಿರಿ. ಮುಂಗಾರಿನಲ್ಲಿ ರೈತರ ಕೈಯಲ್ಲಿ ದುಡ್ಡಿರುವುದಿಲ್ಲ. ಅಂಗಡಿಯ ವ್ಯಾಪಾರವೆಲ್ಲ ಉದ್ರಿ. ದೀಪಾವಳಿಗೆ ಖಾತೆ ಪುಸ್ತಕದ ಪೂಜೆ. ಶೇಂಗಾ, ಹತ್ತಿ ಮಾರಿದ ದುಡ್ಡು ಬಂದ ಮೇಲೆ ಹಳೆಯ ಬಾಕಿ ವಸೂಲಿ. ಮಾರ್ಚ್ 31ಕ್ಕೆ ವರ್ಷದ ಲೆಕ್ಕ ಮುಗಿಸುವ ಗಡಿಬಿಡಿ. ಬೇಸಿಗೆಯಲ್ಲಿ ಲಗ್ನದ ಜವಳಿ. ಜುಲೈನಲ್ಲಿ ಬಂದು ಆಗಸ್ಟ್‌ನಲ್ಲಿ ಹೋದ ಹುಡುಗಿ ಉದ್ರಿ ಕೊಡುವುದನ್ನಷ್ಟೇ ನೋಡುತ್ತಾಳೆ, ಅದು ಮರಳಿ ಬರುವುದನ್ನು ನೋಡುವುದಿಲ್ಲ. ಯಾರಿಗೆ ಕೊಟ್ಟರೆ ಬಂತು, ಯಾರಿಗೆ ಕೊಟ್ಟರೆ ಮುಳುಗಿತು ಎಂಬುದು ತಿಳಿಯಲು ಎಲ್ಲ ಹಬ್ಬಗಳೂ ಒಂದು ಸುತ್ತು ಬರಬೇಕು. ಪುಸ್ತಕದಲ್ಲಿ ಬರೆದ ‘ಡೆಬಿಟ್–ಕ್ರೆಡಿಟ್’ಗೆ ಆಗ ಜೀವ ಬರುತ್ತದೆ.

ಇಟ್ಟುಕೊಳ್ಳುವವರಿಗೆ

ಬೈಲಹೊಂಗಲದ ತಂಗಿ, ನಿಮಗನ್ನಿಸಿದ್ದೇ ಸರಿ. ಇದು ಪುಗಸಟ್ಟೆ ಕೈ ಅಲ್ಲ. ಮೊದಲು ಯಜಮಾನರಿಗೆ ನಿಯಮ ಓದಿ ಹೇಳಿರಿ. 30 ಮಂದಿ ಮತ್ತು ಹೆಚ್ಚು ಕೆಲಸಗಾರರು ಇರುವ ಕಡೆ ಅಪ್ರೆಂಟಿಸ್ ತೆಗೆದುಕೊಳ್ಳುವುದು ಕಡ್ಡಾಯ. 4ರಿಂದ 29 ಮಂದಿ ಇದ್ದರೆ ಅವರವರ ಇಚ್ಛೆ. ನಿಮ್ಮಲ್ಲಿ ಆರು ಮಂದಿ. ಆದ್ದರಿಂದ ಒತ್ತಾಯವಿಲ್ಲ, ಆದರೆ ಒಪ್ಪಿಕೊಂಡ ಮೇಲೆ ನಿಯಮವಿದೆ. ಬರವಣಿಗೆಯ ಕರಾರು ಆಗಬೇಕು, ಅದು ಸರ್ಕಾರದ ಕಡೆ ನೋಂದಣಿಯಾಗಬೇಕು. ತಿಂಗಳ ಭತ್ಯೆ, ಅಂದರೆ ಸ್ಟೈಪೆಂಡ್, ಕೊಡಬೇಕು. 2019ರ ನಿಯಮದಲ್ಲಿ ಪದವಿಯವರಿಗೆ ಕನಿಷ್ಠ 9,000 ರೂಪಾಯಿ ಎಂದು ಗೊತ್ತುಮಾಡಿದರು. ಆ ಕನಿಷ್ಠ ಭತ್ಯೆಯ ಅರ್ಧವನ್ನು ಕೇಂದ್ರ ಸರ್ಕಾರದ ಅಪ್ರೆಂಟಿಸ್ ಯೋಜನೆ ಹೊರುತ್ತದೆ. ಸಹಿ ಮಾಡುವ ದಿನ ಜಾರಿಯಲ್ಲಿರುವ ದರವನ್ನು ಕಾಲೇಜಿನವರಿಂದ ಕೇಳಿ ತಿಳಿದುಕೊಳ್ಳಿರಿ. ಕಲಿಯುವಾಗ ಅಪಘಾತವಾಗಿ ಗಾಯವಾದರೆ ಪರಿಹಾರದ ಹೊಣೆಯೂ ಮಾಲೀಕರದೇ.

ಇನ್ನು ಕಲಿಸುವ ಮಾತು. ‘ಇವತ್ತು ಏನು ಕೊಡೋಣ ಕೆಲಸ’ ಎಂದು ದಿನಾ ಬೆಳಿಗ್ಗೆ ಯೋಚಿಸಬೇಡಿ. ಅಡಿಗೆಗೆ ಮೊದಲೇ ಸಾಮಾನು ತೆಗೆದಿಟ್ಟುಕೊಳ್ಳುವ ಹಾಗೆ ವರ್ಷವನ್ನು ಭಾಗ ಮಾಡಿಟ್ಟುಕೊಳ್ಳಿರಿ.

ಮೊದಲ ಎರಡು ತಿಂಗಳು ಮಾಲು: ಯಾವ ಊರಿನ ಸೀರೆ, ಯಾವ ನೂಲು, ಎಷ್ಟು ಬಂತು, ಎಷ್ಟು ಹೋಯಿತು.

ನಂತರ ಮೂರು ತಿಂಗಳು ಗಿರಾಕಿ: ಕೌಂಟರಿನಲ್ಲಿ ನಿಂತು ಮಾತಾಡುವುದು, ಚೌಕಾಸಿ ಮಾಡುವುದು, ಹಬ್ಬದ ಗದ್ದಲ ನಿಭಾಯಿಸುವುದು.

ಮತ್ತೆ ಮೂರು ತಿಂಗಳು ಲೆಕ್ಕ: ಬಿಲ್ಲು, ಜಿ.ಎಸ್.ಟಿ., ಬ್ಯಾಂಕು, ಉದ್ರಿ ಖಾತೆ.

ಉಳಿದ ನಾಲ್ಕು ತಿಂಗಳು ಒಂದು ಚಿಕ್ಕ ಹೊಣೆಯನ್ನು ಪೂರ್ತಿ ಅವಳ ಕೈಗೇ ಕೊಡಿರಿ. ಮಕ್ಕಳ ಬಟ್ಟೆಯ ವಿಭಾಗವಾದರೂ ಆದೀತು. ಏನು ತರಿಸಬೇಕು, ಎಷ್ಟಕ್ಕೆ ಮಾರಬೇಕು, ಅವಳೇ ಹೇಳಲಿ. ನಿಮ್ಮವರು ಕೇಳಲಿ.

“ಲೆಕ್ಕದ ಪುಸ್ತಕಾ ಹೊರಗಿನವರಿಗೆ ಹ್ಯಾಂಗ ತೋರಸೂದು?” ಎಂಬ ಅಂಜಿಕೆ ಸಹಜ. ಎಲ್ಲವನ್ನೂ ತೋರಿಸಬೇಕಾಗಿಲ್ಲ. ಆದರೆ ಲೆಕ್ಕವನ್ನೇ ಮುಟ್ಟಿಸದೆ ವರ್ಷವಿಡೀ ಸೀರೆ ಮಡಚಿಸಿದರೆ ಆ ಕೂಸಿನ ಒಂದು ವರ್ಷ ನೀರಿನಲ್ಲಿ ಹೋದಂತೆ. ಚಹಾ ತರಲು, ನಿಮ್ಮ ಮಕ್ಕಳನ್ನು ಸಾಲಿಯಿಂದ ಕರೆತರಲು, ಮನೆಯ ಹಿತ್ತಲಿನ ಕೆಲಸಕ್ಕೆ ಕಳಿಸುವುದಂತೂ ಬೇಡವೇ ಬೇಡ. ಹಾಗೇನಾದರೂ ನಡೆದರೆ ಅಂಗಡಿಗಿಂತ ಮೊದಲು ಮನೆಯೊಳಗಿರುವ ನಿಮ್ಮ ಕಣ್ಣಿಗೇ ಅದು ಬೀಳುತ್ತದೆ. ನೀವೇ ತಡೆಯಿರಿ. ಹೆಣ್ಣುಮಗಳಿಗೆ ಒಂದು ಶುಚಿಯಾದ ಶೌಚಾಲಯ, ಬುತ್ತಿ ಬಿಚ್ಚಲು ಒಂದು ಮೂಲೆ, ಬಸ್ಸಿನ ಹೊತ್ತಿಗೆ ಬಿಡುವುದು, ಇವು ಮರೆಯುವ ಮಾತಲ್ಲ.

ಕಲಿಯುವ ಮಕ್ಕಳಿಗೆ ಆಸರೆಯಾಗುವುದು ನಮ್ಮ ನಾಡಿಗೆ ಹೊಸದೇ? ವಾರಾನ್ನ ಹಾಕಿ ಓದಿಸಿದ ತಾಯಂದಿರು ಎಷ್ಟು ಮಂದಿ! ಸವದತ್ತಿ ಸೀಮೆಯ ಶಿರಸಂಗಿ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಂಡರು. ತಮ್ಮ ಆಸ್ತಿಯನ್ನು ಮಕ್ಕಳ ಓದಿಗೆ ಬಿಟ್ಟುಹೋದರು. ನಾವು ಬಿಟ್ಟುಕೊಡಬೇಕಾದದ್ದು ಗಲ್ಲೆಯ ಪಕ್ಕದಲ್ಲಿ ಒಂದು ಕುರ್ಚಿ ಮಾತ್ರ.

ಕಳಿಸುವವರಿಗೆ

ದೊಡವಾಡದ ತಾಯಿ, ಈಗ ನಿಮ್ಮ ಮಾತು. ‘ಓದಾಕೋ ದುಡ್ಯಾಕೋ’ ಎಂದವರಿಗೆ ಹೇಳಿರಿ: ಇದು ಓದಿನ ಭಾಗವೇ, ಸಾಲಿ ಬಿಡಿಸಿ ದುಡಿಸುವುದಲ್ಲ. ಆದರೆ ಕಣ್ಣುಮುಚ್ಚಿ ಕಳಿಸಬೇಡಿ. ಕಂಪನಿಗೆ ಒಂದು ಸಲ ನೀವೂ ಅವಳ ಅಪ್ಪನೂ ಹೋಗಿ ಬನ್ನಿರಿ. ಹೋದಾಗ ಇಷ್ಟು ಕೇಳಿರಿ:

ಕರಾರು ಎಲ್ಲಿ, ಅದರ ಪ್ರತಿ ಮಗಳ ಕೈಗೆ ಕೊಡುತ್ತೀರಾ? ಭತ್ಯೆ ಅವಳದೇ ಬ್ಯಾಂಕ್ ಖಾತೆಗೆ ಬರುತ್ತದೆಯೇ? ಎಷ್ಟು ಹೊತ್ತಿಗೆ ಬರಬೇಕು, ಎಷ್ಟಕ್ಕೆ ಬಿಡುತ್ತೀರಿ, ರಜೆ ಎಷ್ಟು? ಕಲಿಸುವವರು ಯಾರು, ಕಾಲೇಜಿನಿಂದ ನೋಡಲು ಬರುವವರು ಯಾರು? ಕೊನೆಗೆ ಪ್ರಮಾಣಪತ್ರ ಯಾರು ಕೊಡುತ್ತಾರೆ?

ಇನ್ನೊಂದು ಪ್ರಶ್ನೆಯನ್ನು ಸಂಕೋಚ ಬಿಟ್ಟು ಕೇಳಿರಿ: “ನಿಮ್ಮಲ್ಲಿ ಹೆಣ್ಣುಮಕ್ಕಳ ದೂರು ಕೇಳುವ ಸಮಿತಿ ಅದ ಏನ್ರೀ?” 2013ರ ಕಾಯ್ದೆಯ ಪ್ರಕಾರ ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಕಡೆ ಈ ಆಂತರಿಕ ಸಮಿತಿ ಇರಲೇಬೇಕು. ಅಪ್ರೆಂಟಿಸ್ ಹುಡುಗಿಗೂ ಆ ರಕ್ಷಣೆ ಇದೆ. ಹತ್ತಕ್ಕಿಂತ ಕಡಿಮೆ ಮಂದಿ ಇರುವ ಅಂಗಡಿಯಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ದೂರನ್ನು ಮೂರು ತಿಂಗಳೊಳಗೆ ಕೊಡಬೇಕು. ಎಲ್ಲಕ್ಕಿಂತ ದೊಡ್ಡದು, ಮಗಳಿಗೆ ಹೇಳಿ ಕಳಿಸುವ ಮಾತು: “ಏನಾರ ಆದ್ರ ಮೊದಲ ನನಗ ಹೇಳವ್ವ. ನಿನಗ ಬಯ್ಯೂದಿಲ್ಲ, ಓದು ಬಿಡಸೂದೂ ಇಲ್ಲ.” ಈ ಒಂದು ಮಾತು ಸಿಗದೆ ಎಷ್ಟೋ ಮಕ್ಕಳು ಬಾಯಿ ಕಟ್ಟಿಕೊಂಡು ಇರುತ್ತಾರೆ.

ಭತ್ಯೆಯ ವಿಚಾರ. ಅದು ದೊಡ್ಡ ದುಡ್ಡಲ್ಲ. ಹುಬ್ಬಳ್ಳಿಯಲ್ಲಿ ಹಾಸ್ಟೆಲಿನ ಖರ್ಚು ಕಳೆದರೆ ಉಳಿಯುವುದು ಸ್ವಲ್ಪ. ಓಡಾಟಕ್ಕೆ ಮಾತ್ರ ಚಿಂತೆಯಿಲ್ಲ. 2023ರ ಜೂನ್ 11ರಿಂದ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಶಕ್ತಿ ಯೋಜನೆಯಿದೆ, ಟಿಕೀಟಿಗೆ ದುಡ್ಡಿಲ್ಲ. ಶನಿವಾರ ಬಂದಾಗ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ ಕಟ್ಟಿ ಕೊಡಿರಿ. ವಾರವೆಲ್ಲ ಕೆಡದೆ ಇರುತ್ತವೆ, ಹೊರಗಿನ ಊಟದ ಖರ್ಚೂ ಇಳಿಯುತ್ತದೆ. ಮೊದಲ ಭತ್ಯೆಯನ್ನು ಮಾತ್ರ ಮನೆಗೆ ಕೇಳಬೇಡಿ. ತನ್ನ ದುಡ್ಡಿನ ಲೆಕ್ಕವನ್ನು ತಾನೇ ಇಡುವುದೂ ಬಿ.ಕಾಂ. ಪಾಠವೇ.

ಒಂದನ್ನು ಮೊದಲೇ ತಿಳಿದುಕೊಂಡಿರಿ. ವರ್ಷ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂದು ಮಾಲೀಕರಿಗೆ ಕಟ್ಟಳೆಯಿಲ್ಲ. ‘ಅಲ್ಲೇ ನೌಕರಿ ಆತು’ ಎಂದು ಊರಿಗೆ ಸಾರಿಬಿಟ್ಟರೆ ನಾಳೆ ಮಗಳೇ ತಲೆ ತಗ್ಗಿಸಬೇಕಾಗುತ್ತದೆ. ಅವಳು ದಿನಾ ಕಲಿತದ್ದನ್ನು ಒಂದು ಡೈರಿಯಲ್ಲಿ ನಾಲ್ಕು ಸಾಲು ಬರೆದಿಡಲಿ. ಮುಂದೆ ಬೇರೆ ಕಡೆ ಕೇಳಿದಾಗ ಪ್ರಮಾಣಪತ್ರದ ಜೊತೆಗೆ ಆ ಡೈರಿ ಅವಳ ಬಾಯಿಗೆ ಮಾತು ಕೊಡುತ್ತದೆ. ‘ಕಲಿಯುವತನಕ ಬ್ರಹ್ಮವಿದ್ಯೆ, ಕಲಿತ ಮೇಲೆ ಕೋತಿವಿದ್ಯೆ’ ಅಂತಾರಲ್ಲ, ಮೊದಲ ಎರಡು ತಿಂಗಳು “ಒಲ್ಲೆವ್ವಾ, ಬರತೇನಿ” ಎಂದು ಫೋನಿನಲ್ಲಿ ಅತ್ತರೆ, ಅದು ಕೆಲಸ ಹೊಸದೆಂಬ ಅಳುವೋ, ಯಾರೋ ಕಾಡಿಸುವ ಅಳುವೋ ಎಂದು ಕೇಳಿ ತಿಳಿಯಿರಿ. ಮೊದಲನೆಯದಾದರೆ ಸಮಾಧಾನ ಹೇಳಿರಿ. ಎರಡನೆಯದಾದರೆ ಮರುದಿನವೇ ಬಸ್ಸು ಹತ್ತಿರಿ.

ಕೊನೆಗೆ ಅತ್ತೆಯವರ ಮಾತು. ಅವರನ್ನು ಎದುರಾಡಬೇಡಿ, ಆದರೆ ಒಪ್ಪಲೂಬೇಡಿ. ಆ ವರ್ಷ ಬಿಟ್ಟರೆ ಮಗಳ ಪದವಿಯೇ ಅರ್ಧಕ್ಕೆ ನಿಲ್ಲುತ್ತದೆ. ಲಗ್ನದ ಮುಹೂರ್ತ ಮುಂದಿನ ವರ್ಷವೂ ಇರುತ್ತದೆ. ಕಲಿಕೆಯ ವರ್ಷ ಒಮ್ಮೆ ತಪ್ಪಿದರೆ ಸಂಸಾರದೊಳಗೆ ಮತ್ತೆ ಹುಡುಕಿಕೊಳ್ಳುವುದು ಎಷ್ಟು ಕಷ್ಟವೆಂದು ನಮಗಿಂತ ಚೆನ್ನಾಗಿ ಬಲ್ಲವರು ಯಾರು? “ಅತ್ತೀ, ಒಂದು ವರ್ಷ ತಡೀರಿ, ಕೂಸು ತನ್ನ ಕಾಲಮ್ಯಾಲೆ ನಿಲ್ಲಲಿ” ಎಂದು ಸಮಾಧಾನದಿಂದ, ಗಟ್ಟಿಯಾಗಿ ಹೇಳಿರಿ. ಯಜಮಾನರನ್ನು ಮೊದಲು ಒಲಿಸಿಕೊಂಡರೆ ಅರ್ಧ ಕೆಲಸ ಆದಂತೆ.

ಮಗಳನ್ನು ಹೀಗೆ ಕಳಿಸಿದವರು, ಬೇರೆಯವರ ಮಗಳನ್ನು ಇಟ್ಟುಕೊಂಡು ಕಲಿಸಿದವರು ನಿಮ್ಮ ಅನುಭವ ಬರೆಯಿರಿ. ಸಿಹಿಯೂ ಬರಲಿ, ಕಹಿಯೂ ಬರಲಿ. ಇನ್ನೊಬ್ಬ ತಾಯಿಗೆ ಉಪಯೋಗವಾದೀತು.

— ನಿಮ್ಮ ಅಕ್ಕ