ಸಸ್ಯಾಹಾರಿ ಮನೆಗೂ ಹೃದಯಾಘಾತ: ವಂಶದಿಂದ ಬರುವ ಲಿಪೋಪ್ರೋಟೀನ್ (ಎ) ಗೊತ್ತಿರಲಿ

2025ರ ಜೂನ್-ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವಿನ ಸುದ್ದಿಗಳು ಒಂದರ ಹಿಂದೊಂದು ಬಂದಾಗ ರಾಜ್ಯವೇ ಗಾಬರಿಗೊಂಡಿತ್ತು. ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳಲ್ಲಿ ಜನ ತಪಾಸಣೆಗೆ ಸಾಲುಗಟ್ಟಿದರು. ಸರ್ಕಾರ ತಜ್ಞರ ಸಮಿತಿ ನೇಮಿಸಿತು. ಆ ಗಾಬರಿ ತಣ್ಣಗಾದರೂ ನಮ್ಮ ಸಮಾಜದ ಮನೆಗಳ ಪ್ರಶ್ನೆ ಹಾಗೇ ಉಳಿದಿದೆ: ಮಾಂಸವಿಲ್ಲ, ಮೊಟ್ಟೆಯಿಲ್ಲ, ಮದ್ಯವಿಲ್ಲ, ಸೂರ್ಯಾಸ್ತದ ನಂತರ ಊಟವೂ ಇಲ್ಲ. ಹೀಗಿದ್ದೂ ನಮ್ಮವರಿಗೆ ಐವತ್ತು ತುಂಬುವ ಮೊದಲೇ ಹೃದಯಾಘಾತ ಏಕೆ?

ಉತ್ತರದ ಒಂದು ಭಾಗ ಎಲ್ಲರಿಗೂ ಗೊತ್ತು. ಕರಿದ ತಿಂಡಿ, ಸಿಹಿ, ನಡಿಗೆ ಇಲ್ಲದ ದಿನಚರಿ, ಸಕ್ಕರೆ ಕಾಯಿಲೆ, ರಕ್ತದೊತ್ತಡ ಸಸ್ಯಾಹಾರಿಗಳನ್ನೂ ಬಿಡುವುದಿಲ್ಲ. ಇನ್ನೊಂದು ಭಾಗ ವಂಶದಿಂದ ಬರುವಂಥದ್ದು. ಅದರ ಬಗ್ಗೆ ನಮ್ಮಲ್ಲಿ ಮಾತು ಕಡಿಮೆ.

1963ರಲ್ಲಿ ನಾರ್ವೆಯ ವಿಜ್ಞಾನಿ ಕೋರೆ ಬರ್ಗ್ ರಕ್ತದಲ್ಲಿ ಲಿಪೋಪ್ರೋಟೀನ್ (ಎ) ಎಂಬ ಕಣವನ್ನು ಗುರುತಿಸಿದರು. ಕೆಟ್ಟ ಕೊಲೆಸ್ಟ್ರಾಲ್ ಎಂದು ನಾವು ಕರೆಯುವ ಎಲ್‌ಡಿಎಲ್ ಕಣಕ್ಕೆ ಇನ್ನೊಂದು ಪ್ರೋಟೀನ್ ಅಂಟಿಕೊಂಡರೆ ಇದಾಗುತ್ತದೆ. ಇದು ಹೆಚ್ಚಿದ್ದರೆ ರಕ್ತನಾಳದಲ್ಲಿ ಕೊಬ್ಬು ಕಟ್ಟಿಕೊಳ್ಳುವ ಅಪಾಯವೂ, ಹೃದಯದ ಮಹಾಪಧಮನಿ ಕವಾಟ ಗಡುಸಾಗುವ ಅಪಾಯವೂ ಹೆಚ್ಚು. ಇದರ ಪ್ರಮಾಣವನ್ನು ಬಹುಪಾಲು ನಿರ್ಧರಿಸುವುದು ಒಂದೇ ಜೀನ್. ಬಾಲ್ಯದಲ್ಲೇ ಮಟ್ಟ ನಿಂತುಬಿಡುತ್ತದೆ. ಆಮೇಲೆ ಪಥ್ಯ, ವ್ಯಾಯಾಮಗಳಿಂದ ಅದು ಹೆಚ್ಚೇನೂ ಬದಲಾಗದು. ಪಿತ್ರಾರ್ಜಿತ ಆಸ್ತಿಯ ಜತೆ ಸಾಲವೂ ಬಂದಂತೆ.

ಭಾರತೀಯರಿಗೆ ಇದು ದೂರದ ವಿಷಯವಲ್ಲ. ನಮ್ಮಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಇದರ ಮಟ್ಟ ಹೆಚ್ಚಿರುತ್ತದೆ ಎಂಬುದು ತಜ್ಞರ ಅಂದಾಜು. ಭಾರತೀಯ ಹೃದ್ರೋಗ ತಜ್ಞರ ಸಂಘ (ಸಿಎಸ್‌ಐ) 2024ರಲ್ಲಿ ಹೊರಡಿಸಿದ ಕೊಲೆಸ್ಟ್ರಾಲ್ ಮಾರ್ಗಸೂಚಿಯಲ್ಲಿ, ಜೀವನದಲ್ಲಿ ಒಮ್ಮೆಯಾದರೂ ಈ ಪರೀಕ್ಷೆ ಆಗಲಿ ಎಂದಿದೆ. ಡೆಸಿಲೀಟರಿಗೆ 50 ಮಿಲಿಗ್ರಾಂ ದಾಟಿದರೆ ಅಪಾಯ ಹೆಚ್ಚು. ಗಮನಿಸಿ: ಮಾಮೂಲಿ ಲಿಪಿಡ್ ಪ್ರೊಫೈಲ್‌ನಲ್ಲಿ ಇದು ಇರುವುದಿಲ್ಲ. ಪ್ರತಿವರ್ಷ "ಎಲ್ಲ ನಾರ್ಮಲ್" ಎಂದು ವರದಿ ಬರುತ್ತಿದ್ದವರಿಗೂ ಲಿಪೋಪ್ರೋಟೀನ್ (ಎ) ಹೆಚ್ಚಿರಬಹುದು. ಇದನ್ನು ಬೇರೆಯಾಗಿಯೇ ಕೇಳಿ ಮಾಡಿಸಬೇಕು.

ಇದನ್ನು ಇಳಿಸುವುದಕ್ಕೆಂದೇ ತಯಾರಾದ ಪೆಲಾಕಾರ್ಸೆನ್, ಓಲ್ಪಾಸಿರಾನ್ ಔಷಧಗಳು ದೊಡ್ಡ ಪ್ರಯೋಗಗಳಲ್ಲಿವೆ. ಸ್ಟಾಟಿನ್ ಮಾತ್ರೆ ಇದನ್ನು ಇಳಿಸುವುದಿಲ್ಲ. ಹಾಗಾದರೆ ಪರೀಕ್ಷೆ ಏಕೆ? ಬದಲಿಸಲಾಗದ ಅಪಾಯ ಒಂದಿದೆ ಎಂದು ತಿಳಿದವರು ಬದಲಿಸಬಹುದಾದ ಉಳಿದವನ್ನು ಬಿಗಿಯಾಗಿ ಹಿಡಿಯಬೇಕು: ಎಲ್‌ಡಿಎಲ್, ರಕ್ತದೊತ್ತಡ, ಸಕ್ಕರೆ, ತೂಕ, ತಂಬಾಕು. ಅಲ್ಲಿ ಸ್ಟಾಟಿನ್ ಕೆಲಸಕ್ಕೆ ಬರುತ್ತದೆ. ನಮ್ಮ ಆಹಾರ ಸಂಯಮವೂ ಬರುತ್ತದೆ. ಸಂಯಮ ವ್ಯರ್ಥವಲ್ಲ, ಆದರೆ ಅದು ಪರೀಕ್ಷೆಗೆ ಬದಲಿಯಲ್ಲ.

ನಮ್ಮ ಮನೆಗಳಿಗೆ ಸಂಬಂಧಿಸಿದ ಇನ್ನೊಂದು ಮಾತು. ರಾತ್ರಿ ನೀರನ್ನೂ ತ್ಯಜಿಸಿದ ಹಿರಿಯರು "ರಾತ್ರಿ ಮಲಗುವಾಗ" ಎಂದು ಚೀಟಿಯಲ್ಲಿ ಬರೆದ ಮಾತ್ರೆಯನ್ನು ಸದ್ದಿಲ್ಲದೆ ಬಿಟ್ಟುಬಿಡುವುದುಂಟು. ಅಟೋರ್ವಾಸ್ಟಾಟಿನ್, ರೋಸುವಾಸ್ಟಾಟಿನ್ ಮಾತ್ರೆಗಳನ್ನು ದಿನದ ಯಾವ ಹೊತ್ತಿನಲ್ಲಾದರೂ ತೆಗೆದುಕೊಳ್ಳಬಹುದು. ನಿಯಮವನ್ನು ವೈದ್ಯರಿಗೆ ಹೇಳಿದರೆ ಅವರೇ ಹಗಲಿಗೆ ಹೊಂದಿಸಿಕೊಡುತ್ತಾರೆ. ದಶಲಕ್ಷಣ ಪರ್ವದ ಉಪವಾಸಕ್ಕೆ ಮುಂಚೆಯೂ ಹೀಗೆಯೇ ಕೇಳಿಕೊಳ್ಳಬೇಕು. ಮಾತ್ರೆಯನ್ನು ತಾವಾಗಿ ನಿಲ್ಲಿಸುವುದು ಬೇಡ.

ಮನೆಯಲ್ಲಿ ಗಂಡಸರಿಗೆ 55ರೊಳಗೆ, ಹೆಂಗಸರಿಗೆ 65ರೊಳಗೆ ಹೃದಯಾಘಾತವಾಗಿದ್ದರೆ ಅವರ ಒಡಹುಟ್ಟಿದವರು, ಮಕ್ಕಳು ತಡಮಾಡದೆ ಪರೀಕ್ಷಿಸಿಕೊಳ್ಳಲಿ. ತಂದೆ ಅಥವಾ ತಾಯಿಯಿಂದ ಈ ಜೀನ್ ಪ್ರತಿ ಮಗುವಿಗೂ ಬರುವ ಸಾಧ್ಯತೆ ಸುಮಾರು ಅರ್ಧದಷ್ಟು. ಎಲ್‌ಡಿಎಲ್ 190 ದಾಟಿದವರ ಮನೆಯವರಿಗೂ ಇದೇ ಎಚ್ಚರ ಬೇಕು. ಅಲ್ಲಿ ಬೇರೊಂದು ವಂಶವಾಹಿ ದೋಷ ಇರಬಹುದು.

ಸಂಬಂಧ ಕೂಡಿಸುವಾಗ ಎರಡೂ ಮನೆಗಳ ವಂಶಾವಳಿಯನ್ನು ತಲೆಮಾರುಗಟ್ಟಲೆ ನೆನಪಿಸಿಕೊಳ್ಳುವವರು ನಾವು. ಅಜ್ಜ, ದೊಡ್ಡಪ್ಪ, ಸೋದರಮಾವ ಯಾವ ವಯಸ್ಸಿನಲ್ಲಿ, ಯಾವ ಕಾರಣದಿಂದ ತೀರಿಕೊಂಡರು ಎಂಬುದನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟು, ಮುಂದಿನ ಸಲ ವೈದ್ಯರ ಮುಂದಿಡೋಣ.