ಹಳ್ಳಿ ಆಟ ಅಂದ್ರೆ ಯಾವ್ದು ಸಾರ್?

ಕೋಲಾರದಲ್ಲಿ ನಡೆದ ಮಕ್ಕಳ ಚೆಸ್ ಟೂರ್ನಿ ನೋಡೋಕೆ ಹೋಗಿದ್ದೆ. ಶ್ರೀನಿವಾಸಪುರದ ಕಡೆಯ ಹಳ್ಳಿಯೊಂದರಿಂದ ಬಂದಿದ್ದ ಎಂಟನೇ ಕ್ಲಾಸಿನ ಹುಡುಗಿ ಕಪ್ಪು ಕಾಯಿ ಆಡ್ತಿದ್ಲು. ಎದುರಿನ ಹುಡುಗ ರಾಜನ ಮುಂದಿನ ಕಾಲಾಳನ್ನ ಎರಡು ಮನೆ ನುಗ್ಗಿಸಿದ. ಇವಳು ಜಿ ಸಾಲಿನ ಕಾಲಾಳನ್ನ ಒಂದೇ ಮನೆ ಸರಿಸಿ, ಆ ಸಂದಿಗೆ, ಅಂದ್ರೆ ಜಿ7ಕ್ಕೆ, ಒಂಟೆಯನ್ನ ತಂದು ಕೂರಿಸಿದಳು. ಇದಕ್ಕೆ ಫಿಯಾಂಕೆಟೊ ಅಂತಾರೆ. ಆಟ ಸೋತಳು. ಎದ್ದು ಬಂದವಳಿಗೆ ಕೋಚ್ ಒಬ್ಬರು ಹೇಳಿದ್ದು: "ಇದೆಲ್ಲ ಹಳ್ಳಿ ಆಟ ಕಣಮ್ಮ. ಮೊದ್ಲು ಮಧ್ಯದ ಮನೆ ಹಿಡಿಯೋದು ಕಲಿ, ಆಮೇಲೆ ಟೂರ್ನಿಗೆ ಬಾ."

ಹುಡುಗಿ ತಲೆ ತಗ್ಗಿಸಿದಳು. ನನಗೆ ಉರಿದುಹೋಯ್ತು. ಮಕ್ಕಳ ಮುಂದೆ ಜಗಳ ಆಡೋಕಾಗ್ಲಿಲ್ಲ, ಇಲ್ಲಿ ಆಡ್ತೀನಿ.

ಹಳ್ಳಿ ಆಟ ಅನ್ನೋದು ನಿಜ ಸಾರ್. ಆದ್ರೆ ನೀವು ಬೈಗುಳ ಅಂದ್ಕೊಂಡಿದ್ದು ಬಿರುದು. ನಮ್ಮ ಹಳೇ ಚದುರಂಗದಲ್ಲಿ ಬಹುಪಾಲು ಕಡೆ ಕಾಲಾಳಿಗೆ ಮೊದಲ ನಡೆಯಲ್ಲೂ ಒಂದೇ ಮನೆ. ಎರಡು ಮನೆ ಹಾರೋ ರೂಲ್ಸು ಯುರೋಪಿನದು. ಒಂದೊಂದೇ ಹೆಜ್ಜೆ ಇಡೋ ಆಟದಲ್ಲಿ ಒಂಟೆ ಪಕ್ಕದ ಸಂದಿಯಿಂದ ಹೊರಡೋದು ಸಹಜ. 1850ರ ದಶಕದಲ್ಲಿ ಮಹೇಶಚಂದ್ರ ಬ್ಯಾನರ್ಜಿ ಅನ್ನೋ ಬಂಗಾಳಿ, ಕಲ್ಕತ್ತದಲ್ಲಿದ್ದ ಸ್ಕಾಟ್ಲೆಂಡಿನ ಬ್ಯಾರಿಸ್ಟರ್ ಜಾನ್ ಕಾಕ್ರೇನ್ ವಿರುದ್ಧ ಹೀಗೇ ಆಡ್ತಿದ್ದ. ಅವನೂ ಮೊಫಸಿಲ್‌ನಿಂದ ಬಂದವನೇ. ಇವತ್ತು ಗ್ರುನ್‌ಫೆಲ್ಡ್ ಅಂತ ಕರೆಯೋ ಡಿಫೆನ್ಸನ್ನ ಅವನು 1855ರಲ್ಲೇ ಆಡಿದ್ದ. ಗ್ರುನ್‌ಫೆಲ್ಡ್ ಸಾಹೇಬರು ಆಡಿದ್ದು 1922ರಲ್ಲಿ. ಕಿಂಗ್ಸ್ ಇಂಡಿಯನ್, ಕ್ವೀನ್ಸ್ ಇಂಡಿಯನ್ ಅಂತ ಬಾಯ್ತುಂಬ ಹೇಳ್ತೀರಲ್ಲ, ಆ 'ಇಂಡಿಯನ್' ಎಲ್ಲಿಂದ ಬಂತು ಅಂದ್ಕೊಂಡ್ರಿ?

ಇನ್ನು ಮಧ್ಯದ ಮನೆ ವಿಷಯ. ಮಧ್ಯವನ್ನ ಕಾಲಾಳಿನಿಂದಲೇ ತುಂಬಬೇಕು ಅಂತೇನಿಲ್ಲ. ಜಿ7ರಲ್ಲಿ ಕೂತ ಒಂಟೆಯ ಕಣ್ಣು ಡಿ4, ಇ5 ದಾಟಿ ಎ1ರ ಮೂಲೆಯವರೆಗೂ ಇರುತ್ತೆ. ಎದುರಾಳಿ ಮುಂದೆ ಬರಲಿ, ಮಧ್ಯದಲ್ಲಿ ದೊಡ್ಡ ಮನೆ ಕಟ್ಟಲಿ. ಕಟ್ಟಿದ್ದನ್ನ ಕಾಯೋ ಕೆಲಸ ಅವನದ್ದು, ಪಾಯ ಕೆಡವೋ ಕೆಲಸ ನಮ್ಮದು. ಇದು ನಮ್ಮ ಜಿಲ್ಲೆಗೆ ಹೊಸದಲ್ಲ. 1768ರಲ್ಲಿ ಇಂಗ್ಲಿಷರು ಕೋಲಾರ, ಮುಳಬಾಗಿಲು ಹಿಡಿದು ಕೂತರು. ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿ ಕಳೆದುಕೊಂಡ ಒಂದೊಂದು ಕೋಟೆಗೂ ತಲೆ ಚಚ್ಚಿಕೊಳ್ಳಲಿಲ್ಲ. ಕುದುರೆ ಸೈನ್ಯ ಉಳಿಸಿಕೊಂಡ. 1769ರ ಮಾರ್ಚಿನಲ್ಲಿ ಸುತ್ತಿ ಹೋಗಿ ಮದ್ರಾಸಿನ ಬಾಗಿಲಲ್ಲೇ ನಿಂತ. ಇಂಗ್ಲಿಷರು ಸಂಧಿಗೆ ಬಂದರು, ಗೆದ್ದ ಜಾಗ ವಾಪಸ್ಸು ಕೊಟ್ಟರು. ದೂರದ ಮೂಲೆಯಿಂದ ಹೊಡೆಯೋದು ಅಂದ್ರೆ ಇದು.

ಈ ಆಟದ ನಿಜವಾದ ಶಕ್ತಿ, ಗುಟ್ಟು ಬಿಟ್ಟುಕೊಡದೆ ಇರೋದು. ಸಿ5 ಹೊಡೀಬೇಕಾ, ಇ5 ಹೊಡೀಬೇಕಾ, ಡಿ5 ಹೊಡೀಬೇಕಾ. ರಾಜನನ್ನ ಯಾವ ಕಡೆ ಬಚ್ಚಿಡಬೇಕು: ಎಲ್ಲವನ್ನೂ ಎದುರಾಳಿಯನ್ನ ನೋಡಿ ನಿರ್ಧರಿಸಬಹುದು. 1924ರ ನ್ಯೂಯಾರ್ಕ್ ಟೂರ್ನಿಯಲ್ಲಿ ರೆಟಿ ಎರಡೂ ಒಂಟೆಗಳನ್ನ ಹೀಗೆ ಪಕ್ಕದಲ್ಲಿ ಕೂರಿಸಿ ಕಾಪಬ್ಲಾಂಕಾನನ್ನ ಸೋಲಿಸಿದ. ಎಂಟು ವರ್ಷದಿಂದ ಸೋಲೇ ಕಾಣದ ವಿಶ್ವ ಚಾಂಪಿಯನ್ ಅವನು. ಅವತ್ತು ಯಾರೂ ರೆಟಿಗೆ "ಹಳ್ಳಿ ಆಟ ಕಣಪ್ಪ" ಅನ್ನಲಿಲ್ಲ.

ಹಾಗಂತ ಇನ್ನೊಂದು ಪಂಗಡದ ಪರವೂ ನಾನಿಲ್ಲ. "ಎದುರಾಳಿ ಏನಾದ್ರೂ ಆಡ್ಲಿ, ನೀನು ಇದೇ ಎಂಟು ನಡೆ ಆಡು" ಅಂತ ವಿಡಿಯೋ ಮಾಡಿ ಮಾರೋರು ಕೋಚ್‌ಗಿಂತ ದೊಡ್ಡ ಮೋಸಗಾರರು. ಹೇಗೆ ಬೇಕಾದ್ರೂ ತಿರುಗಿಸಬಹುದಾದ ಆಟವನ್ನ ಎದುರಿಗಿರೋನನ್ನ ನೋಡದೇ ಆಡಿದ್ರೆ ಅದು ಬರೀ ಸೋಮಾರಿತನ.

ಹುಡುಗಿ ಸೋತಿದ್ದೂ ಅಲ್ಲೇ, ಜಿ6ನಿಂದಲ್ಲ. ಹದಿನೈದು ನಡೆ ಆದ್ರೂ ಅವಳ ಸಿ ಮತ್ತು ಇ ಕಾಲಾಳು ಕದಲಿರಲಿಲ್ಲ. ಪಾಯ ಕೆಡವೋ ಏಟು ಬೀಳಲೇ ಇಲ್ಲ, ಎದುರಾಳಿಯ ಮನೆ ಗಟ್ಟಿಯಾಗಿಬಿಡ್ತು. ಅವನು ಮಂತ್ರಿಯ ಬೆಂಬಲದಿಂದ ತನ್ನ ಒಂಟೆಯನ್ನ ಎಚ್6ಕ್ಕೆ ತಂದು, ಇವಳ ಒಂಟೆಯ ಜೊತೆ ಬದಲಿಸಿಕೊಂಡ. ಆ ಒಂಟೆ ಹೋದ ಮೇಲೆ ರಾಜನ ಸುತ್ತಲಿನ ಕಪ್ಪು ಮನೆಗಳಿಗೆ ಕಾವಲಿಲ್ಲ. ಬೇಲಿ ಇದೆ, ನಾಯಿ ಇಲ್ಲ. ಆಮೇಲೆ ಎಚ್ ಸಾಲು ತೆರೆದು ಆನೆ ನುಗ್ಗಿಸಿದ, ಮುಗೀತು.

ಇದನ್ನ ಹೇಳಿಕೊಡೋಕೆ ಐದು ನಿಮಿಷ ಸಾಕಿತ್ತು ಸಾರ್. ನೀವು ಹೇಳಿದ್ದು "ಹಳ್ಳಿ."

ನಿಮ್ಮ ಶಿಷ್ಯರ ಹತ್ರ ಲ್ಯಾಪ್‌ಟಾಪ್ ಇದೆ, ಎಂಜಿನ್ ಇದೆ, ಇಪ್ಪತ್ತು ನಡೆ ಬಾಯಿಪಾಠ ಮಾಡಿಸೋಕೆ ನೀವಿದ್ದೀರಿ. ಮಾಲೂರಲ್ಲಿ ಇಟ್ಟಿಗೆ ಗೂಡಿನ ಪಕ್ಕ, ಮುಳಬಾಗಿಲಿನ ಟೊಮೆಟೊ ತೋಟದಲ್ಲಿ ಬೆಳೆಯೋ ಮಗುವಿನ ಹತ್ರ ಮನೆಯವರ ಒಂದು ಮೊಬೈಲು, ಅದೂ ಅಪ್ಪ ಮನೆಗೆ ಬಂದ ಮೇಲೆ. ಬಾಯಿಪಾಠದ ರೇಸಿನಲ್ಲಿ ಅದು ಗೆಲ್ಲಲ್ಲ. ನಾಲ್ಕು ವಿಚಾರ ಅರ್ಥ ಮಾಡ್ಕೊಂಡು ಆಡೋ ಆಟದಲ್ಲಿ ಗೆಲ್ಲಬಹುದು. ಆ ಒಂದು ದಾರಿಯನ್ನೂ ನಗಾಡಿ ಮುಚ್ಚಿಸ್ತೀರಲ್ಲ, ಅದಕ್ಕೆ ನನ್ನ ಸಿಟ್ಟು.

ಬಸ್ ಸ್ಟ್ಯಾಂಡಲ್ಲಿ ಹುಡುಗಿ ಸಿಕ್ಕಳು. "ಜಿ6 ಬಿಟ್ಬಿಡ್ಲಾ ಅಣ್ಣಾ?" ಅಂದಳು.

"ಬಿಡಬೇಡ. ಪ್ರತಿ ನಡೆಗೂ ಸಿ5 ಆಗುತ್ತಾ, ಇ5 ಆಗುತ್ತಾ ಅಂತ ಕೇಳ್ಕೋ. ಆಗಲ್ಲ ಅಂದ್ರೆ ಯಾಕಾಗಲ್ಲ ಅಂತ ಬರ್ಕೋ. ಒಂಟೆಯನ್ನ ಸುಮ್ನೆ ಬಿಟ್ಟುಕೊಡಬೇಡ."

ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಂಡಳು. ಮುಂದಿನ ಟೂರ್ನಿಗೆ ಬರ್ತಾಳೆ ಸಾರ್. ಹಳ್ಳಿ ಆಟಾನೇ ಆಡ್ತಾಳೆ. ನಿಮ್ಮ ಶಿಷ್ಯರಿಗೆ ಹೇಳಿಡಿ.