ಒಡಹುಟ್ಟಿದವರ ಅಮೆರಿಕ

1965ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ವಲಸೆ ಕಾನೂನು ನಮ್ಮವರಿಗೆ ಅಮೆರಿಕದ ಬಾಗಿಲು ತೆರೆಯಿತೆಂಬುದನ್ನು ಎಲ್ಲರೂ ನೆನೆಯುತ್ತೇವೆ. ಅಲ್ಲಿನ ಪೌರರಾದವರು ಒಡಹುಟ್ಟಿದವರನ್ನು ಕರೆಸಿಕೊಳ್ಳಲು ಅದೇ ಕಾನೂನು ಅವಕಾಶ ಕೊಟ್ಟಿತ್ತೆಂಬುದು ಅಷ್ಟಾಗಿ ನೆನಪಿಗೆ ಬರುವುದಿಲ್ಲ. ಎಂಜಿನಿಯರ್ ಅಣ್ಣ ಮೊದಲು ಹೋದ. ಅವನ ಬೆನ್ನಿಗೆ ತಂಗಿ, ತಮ್ಮ. ಊರಿನ ಸುದ್ದಿಯೆಲ್ಲ ಏರೋಗ್ರಾಮಿನ ಅಂಚಿನವರೆಗೂ ತುಂಬಿ ಬರುತ್ತಿದ್ದ ಕಾಲ ಅದು. 1973ರಲ್ಲಿ ಉತ್ತರ ಕ್ಯಾಲಿಫೋರ್ನಿಯದಲ್ಲಿ ಕನ್ನಡ ಕೂಟ ಹುಟ್ಟಿತು, 1977ರಲ್ಲಿ ನ್ಯೂಯಾರ್ಕಿನ ಫ್ಲಶಿಂಗ್‌ನಲ್ಲಿ ಗಣಪತಿ ನೆಲೆಯಾದ. ಮಕ್ಕಳಿಗೆ ಭಾಷೆ ಉಳಿಸಿಕೊಡುತ್ತೇವೆಂಬ ಮಾತು ಅಂದಿನಿಂದಲೂ ಕೇಳಿಬಂದಿದೆ. 2000ದಲ್ಲಿ ಹ್ಯೂಸ್ಟನ್‌ನಲ್ಲಿ ನಡೆದ, ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ದ ಸಮ್ಮೇಳನದ ಹೊತ್ತಿಗೆ ಅದು ದೊಡ್ಡ ವೇದಿಕೆಯನ್ನೂ ಏರಿತು.

ಮಾತು ಪೂರ್ತಿ ಸುಳ್ಳಾಗಲಿಲ್ಲ. ಆದರೆ ಅದನ್ನು ನಡೆಸಿಕೊಟ್ಟವರು ಹೆಚ್ಚಾಗಿ ಮನೆಯ ಹಿರಿಯ ಮಕ್ಕಳು. ಬೆಂಗಳೂರಿನಲ್ಲಿ ಹುಟ್ಟಿ, ಮೂರು ವರ್ಷಕ್ಕೆ ವಿಮಾನ ಹತ್ತಿದ ಅಕ್ಕನಿಗೆ ಕನ್ನಡ ಬಾಯಲ್ಲಿದೆ. ಅವಳು ಶಾಲೆಗೆ ಹೋಗತೊಡಗಿದ ಮೇಲೆ ಇಂಗ್ಲಿಷ್ ಮನೆಗೆ ಬಂತು. ಅಲ್ಲೇ ಹುಟ್ಟಿದ ತಮ್ಮ ಅದರಲ್ಲೇ ಬೆಳೆದ. ಹಾಸನದ ಅಜ್ಜಿ ವಿಡಿಯೊ ಕರೆಯಲ್ಲಿ "ಊಟ ಆಯ್ತೇನೋ ಪುಟ್ಟಾ, ಏನ್ ಹುಳಿ ಇವತ್ತು?" ಎಂದರೆ ಅವನಿಗೆ ಅರ್ಥವಾಗುತ್ತದೆ, ಉತ್ತರಕ್ಕೆ ಮಾತ್ರ ಅಕ್ಕನ ಮುಖ ನೋಡುತ್ತಾನೆ. ಅವಳು ಹೇಳುತ್ತಾಳೆ: "ನುಗ್ಗೆಕಾಯಿ ಹುಳಿ ಅಜ್ಜಿ, ಎರಡು ಸಲ ಹಾಕಿಸ್ಕೊಂಡ." ಹೀಗೆ ಎರಡು ಕಡೆಗೂ ಮಾತು ಮುಟ್ಟಿಸುವ ಹೊಣೆಯನ್ನು ಎಳೆಯ ಹೆಗಲಿಗೆ ಹಾಕಿದ್ದೇವೆಂಬುದನ್ನು ಯಾವ ಸ್ಮರಣ ಸಂಚಿಕೆಯೂ ದಾಖಲಿಸಿದಂತಿಲ್ಲ. ತಮ್ಮನ ಮೇಲೆ ದೂರು ಹೊರಿಸುವುದೂ ತಪ್ಪು. ಅವನು ಹುಟ್ಟಿದ ನಾಡು ಅವನದೇ. ಅಲ್ಲಿ ಅಳುಕಿಲ್ಲದೆ ಬೆಳೆದದ್ದು ದೊಡ್ಡ ಗಳಿಕೆ.

ಆ ನಿಶ್ಚಿಂತೆ ಅಕ್ಕನಿಗಿಲ್ಲ. ತೊಂಬತ್ತರ ದಶಕದಿಂದ ಎಚ್-1ಬಿ ವೀಸಾದಲ್ಲಿ ಹೋದ ತಂದೆತಾಯಿಯರು ಗ್ರೀನ್ ಕಾರ್ಡ್‌ಗಾಗಿ ದಶಕಗಟ್ಟಲೆ ಸರದಿಯಲ್ಲಿದ್ದಾರೆ. ಆ ಕಾರ್ಡ್‌ಗಳಲ್ಲಿ ಒಂದೊಂದು ದೇಶಕ್ಕೆ ಶೇ 7ರ ಮಿತಿ. ಅಷ್ಟರಲ್ಲಿ ಮಗಳಿಗೆ 21 ತುಂಬಿದರೆ ತಂದೆಯ ವೀಸಾದ ಆಸರೆ ತಪ್ಪುತ್ತದೆ. ವಿದ್ಯಾರ್ಥಿ ವೀಸಾ ಹುಡುಕಬೇಕು, ಇಲ್ಲವೇ ನೆನಪೇ ಇಲ್ಲದ ಊರಿಗೆ ಹೊರಡಬೇಕು. ಅಲ್ಲೇ ಹುಟ್ಟಿ ಪೌರನಾದ ತಮ್ಮ ತನಗೆ 21 ಆದಾಗ ಅಕ್ಕನಿಗಾಗಿ ಅರ್ಜಿ ಹಾಕಬಹುದು. ಭಾರತೀಯರಿಗೆ ಆ ಸಾಲೂ ಸುಮಾರು ಎರಡು ದಶಕದ್ದು. ಒಡಹುಟ್ಟಿದವರನ್ನು ಸೇರಿಸಿದ ಕಾನೂನೇ ಈಗ ಒಂದು ಮನೆಯೊಳಗೆ ಗೆರೆ ಎಳೆದಿದೆ. ಈ ನೋವನ್ನು ನಮ್ಮ ಕೂಟಗಳು ನಾಡಹಬ್ಬದಷ್ಟೇ ತಮ್ಮದೆಂದು ಎತ್ತಿಕೊಳ್ಳಬೇಕಿತ್ತು. ಭಾನುವಾರದ ಕನ್ನಡ ತರಗತಿಗಳಲ್ಲಿ ಪುಟ್ಟವರಿಗೆ ಅಕ್ಷರ ತಿದ್ದಿಸುತ್ತ ಕೂತಿರುವ ಹದಿಹರೆಯದವರಲ್ಲಿ ಇಂಥ ಅಕ್ಕಂದಿರೂ ಇದ್ದಾರೆ.